ನೋವನ್ನೇ ಬರೆಸಬೇಡ, ಅಕ್ಕಾ

ಪ್ರೀತಿಯ ಅಕ್ಕನಿಗೆ,

ಆಘಾತದಿಂದ ಇನ್ನೂ ಚೇತರಿಸಿಕೊಳ್ಳದ ಚಿಕ್ಕಮ್ಮನಿಗೆ ಒಂದು ಡ್ರಾಯಿಂಗ್ ಪುಸ್ತಕ ಕೊಟ್ಟರೆ ಮನಸ್ಸು ಸ್ವಲ್ಪ ಹಗುರಾದೀತಾ ಅಂತ ಕೇಳಿದ್ದೆಯಲ್ಲ. ಕೊಡು. ಆದರೆ ಕೊಡುವಾಗ ‘ಮನಸ್ಸಲ್ಲಿರೋದನ್ನೆಲ್ಲ ಇದರಲ್ಲಿ ಬರೆದು ಹೊರಗೆ ಹಾಕಿ’ ಅನ್ನಬೇಡ. ಒಳ್ಳೆಯ ಮನಸ್ಸಿನವರೆಲ್ಲ ಮೊದಲು ಎಡವುವುದು ಅಲ್ಲೇ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೆ ಈ ಕಾಗದ.

ಬೇಸರದ ನೆನಪಿನಲ್ಲಿದ್ದವರಲ್ಲಿ ಕೆಲವರಿಗೆ ಆ ಬೇಸರವನ್ನೇ ಚಿತ್ರವಾಗಿ ಬರೆಯಲು, ಉಳಿದವರಿಗೆ ಅದಕ್ಕೆ ಸಂಬಂಧವಿಲ್ಲದ ಬೇರೇನನ್ನೋ ಬರೆಯಲು ಹೇಳಿ ನೋಡಿದ ಪ್ರಯೋಗಗಳಿವೆ. ಜೆನಿಫರ್ ಡ್ರೇಕ್, ಎಲೆನ್ ವಿನ್ನರ್ ಎಂಬ ಮನೋವಿಜ್ಞಾನಿಗಳು ಮಾಡಿದ್ದು. ಆ ಹೊತ್ತಿನ ಮಟ್ಟಿಗೆ ಹೆಚ್ಚು ಹಗುರಾದವರು ಬೇರೇನನ್ನೋ ಬರೆದವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈಗಿನ ಚೆಕ್ ದೇಶದ ಟೆರೆಜಿನ್ ಗೆಟ್ಟೋದಲ್ಲಿ ನಾಜಿಗಳು ಕೂಡಿಹಾಕಿದ್ದ ಯಹೂದಿ ಮಕ್ಕಳಿಗೆ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಚಿತ್ರ ಕಲಿಸುತ್ತಿದ್ದರು. 1944ರಲ್ಲಿ ಆ ಕಲಾವಿದೆಯನ್ನು ಆಶ್‌ವಿಟ್ಜ್ ಎಂಬ ನಾಜಿ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಮಕ್ಕಳ ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದುಕೊಂಡವು. ಅವುಗಳಲ್ಲಿ ಎಷ್ಟೋ ಬರೀ ಹೂವು, ಮನೆ, ಬಯಲು.

ಆಘಾತದ ನೆನಪು ಕೆದಕಿದಾಗ ಮಿದುಳಿನಲ್ಲಿ ಮಾತಿಗೆ ಸಂಬಂಧಿಸಿದ ಭಾಗದ ಚಟುವಟಿಕೆ ಇಳಿಯುವುದನ್ನು 1996ರ ಒಂದು ಸ್ಕ್ಯಾನ್ ಅಧ್ಯಯನ ತೋರಿಸಿತು. ಮಾತು ಹೊರಡದವರಿಗೆ ಗೆರೆ ಸುಲಭ ಅನ್ನುವುದು ಇದಕ್ಕೇ. ತೊಂದರೆಯೂ ಅಲ್ಲೇ ಇದೆ. ಹೇಳುತ್ತಿರುವಾಗ ಬೇಡವೆನಿಸಿದರೆ ಮಾತು ನಿಲ್ಲಿಸಬಹುದು, ಬರೆದ ದೃಶ್ಯ ಮಾತ್ರ ಕಣ್ಣೆದುರೇ ಕೂತಿರುತ್ತೆ. ಘಟನೆಯನ್ನೇ ಬರೆಸುವುದು ತರಬೇತಿ ಪಡೆದ ಚಿಕಿತ್ಸಕರ ಕೆಲಸ, ಮನೆಯವರದಲ್ಲ.

ಸಾಮಾನಿನ ವಿಷಯ. ದೊಡ್ಡ ಹಾಳೆ ಬೇಡ, ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸು. ಸಣ್ಣ ಹಾಳೆ ಬೇಗ ತುಂಬುತ್ತೆ, ‘ಮುಗಿಸಿದೆ’ ಅನ್ನುವ ಸಮಾಧಾನ ಸಿಗುತ್ತೆ. ಒಂದು 2ಬಿ ಪೆನ್ಸಿಲ್, ನಾಲ್ಕೈದು ಬಣ್ಣದ ಪೆನ್ಸಿಲ್ ಸಾಕು. 24 ಬಣ್ಣದ ಡಬ್ಬಿ ತೆರೆದರೆ ಯಾವುದನ್ನು ಆರಿಸುವುದು ಅನ್ನುವುದೇ ಸುಸ್ತು. ರಬ್ಬರ್ ಇಡಲೇಬೇಡ. ಅದಿದ್ದರೆ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚಾಗಿ, ಕೊನೆಗೆ ಹಾಳೆ ಹರಿದು ‘ನನ್ನ ಕೈಲಿ ಏನೂ ಆಗಲ್ಲ’ಕ್ಕೆ ಬಂದು ನಿಲ್ಲುತ್ತೆ.

ವಾಟರ್ ಕಲರ್, ಬೆರಳಲ್ಲಿ ಬಳಿಯುವ ಬಣ್ಣ ಇವು ಸದ್ಯಕ್ಕೆ ಬೇಡ. 1978ರಲ್ಲಿ ಕೇಗಿನ್, ಲುಸ್‌ಬ್ರಿಂಕ್ ಎಂಬಿಬ್ಬರು ವಿವರಿಸಿದ ಒಂದು ತತ್ವ ಚಿತ್ರಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರಲ್ಲಿ ಹಲವರು ಬಳಸುವಂಥದ್ದು. ಪೆನ್ಸಿಲ್ಲಿನಂಥ ಗಟ್ಟಿ ಸಾಮಗ್ರಿ ಹೇಳಿದ ಮಾತು ಕೇಳುತ್ತೆ, ಭಾವನೆಯನ್ನು ಹಿಡಿತದಲ್ಲಿಡುತ್ತೆ. ಹರಿಯುವ ಬಣ್ಣ ಭಾವನೆಯನ್ನೂ ಹರಿಸುತ್ತೆ. ನಿಲ್ಲಿಸುವವರು ಜೊತೆಗಿಲ್ಲದಾಗ ಹರಿಸಬಾರದು. ಕ್ರೆಯಾನ್, ಆಯಿಲ್ ಪೇಸ್ಟಲ್ ಇವೆರಡರ ನಡುವಿನವು, ಕೆಲವು ವಾರ ಕಳೆದ ಮೇಲೆ ನೋಡೋಣ.

ಬರೆಯುವುದೇನು? ಮೊದಲ ವಾರ ಉಸಿರಿನ ಗೆರೆ. ಉಸಿರು ಒಳಗೆಳೆಯುವಾಗ ಗೆರೆ ಮೇಲಕ್ಕೆ, ಬಿಡುವಾಗ ಕೆಳಕ್ಕೆ, ಎಡದಿಂದ ಬಲಕ್ಕೆ ಅಲೆಯಂತೆ. ಎಣಿಸುವುದು ಬೇಡ, ಉಸಿರು ಹಿಡಿಯುವುದೂ ಬೇಡ. ಐದು ನಿಮಿಷ.

ಆಮೇಲೆ ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ಅಭ್ಯಾಸ, ಹಾಳೆ ನೋಡದೆ ಬರೆಯುವುದು. ಒಂದು ಎಲೆಯನ್ನೋ ಬೀಗದ ಕೈಯನ್ನೋ ಎದುರಿಗಿಡು. ಹಾಳೆ ಸರಿಯದಂತೆ ಮೂಲೆಗೆ ಟೇಪ್ ಹಾಕು. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆ ಹರಿದಂತೆ ನಿಧಾನವಾಗಿ ಸಾಗಬೇಕು, ಅದೇ ವೇಗದಲ್ಲಿ ಪೆನ್ಸಿಲ್ಲೂ ಸಾಗಬೇಕು. ಹಾಳೆಯತ್ತ ನೋಡುವಂತಿಲ್ಲ, ಪೆನ್ಸಿಲ್ ಎತ್ತುವಂತಿಲ್ಲ. ಎಲೆಗೆ ಮೂರರಿಂದ ಐದು ನಿಮಿಷ ಹಿಡಿಯಬೇಕು. ಮೂವತ್ತು ಸೆಕೆಂಡಿಗೆ ಮುಗಿಯಿತೆಂದರೆ ಎದುರಿನ ಎಲೆ ಬಿಟ್ಟು ತಲೆಯಲ್ಲಿರುವ ಎಲೆ ಬರೆದಿದ್ದಾರೆ ಅಂತಲೇ ಅರ್ಥ. ಬರುವ ಚಿತ್ರ ಸೊಟ್ಟಂಬಟ್ಟ, ಯಾರಿಗೇ ಆದರೂ. ಸರಿಯಾಗಿ ಬರಲು ಸಾಧ್ಯವೇ ಇಲ್ಲದ ಕಡೆ ತಪ್ಪಿನ ಭಯವೂ ಇರುವುದಿಲ್ಲ ನೋಡು. ಅಷ್ಟು ಹೊತ್ತು ಕಣ್ಣಿಗೆ ಹೊರಗಿನ ಕೆಲಸ ಇರುವುದರಿಂದ ಒಳಗಿನ ಸಿನಿಮಾಕ್ಕೂ ಬಿಡುವು.

ಸುಸ್ತಾದ ದಿನ ಬಟ್ಟಲು ಬೋರಲು ಹಾಕಿ ವೃತ್ತ ಎಳೆದು, ಒಳಗೆ ಗೆರೆ ಹಾಕಿ ಸಣ್ಣ ಸಣ್ಣ ಖಾನೆ ಮಾಡಿ, ಬಣ್ಣ ತುಂಬಿದರಾಯಿತು. 2005ರಲ್ಲಿ 84 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ 20 ನಿಮಿಷ ಮಂಡಲಕ್ಕೋ ಚೌಕಳಿ ವಿನ್ಯಾಸಕ್ಕೋ ಬಣ್ಣ ತುಂಬಿದವರ ಆತಂಕ ಇಳಿಯಿತು, ಖಾಲಿ ಹಾಳೆ ಸಿಕ್ಕವರದು ಅಷ್ಟು ಇಳಿಯಲಿಲ್ಲ. ‘ನಂಗೆ ಬರೆಯೋಕೆ ಬರಲ್ಲ’ ಅಂದರೆ ಇನ್ನೊಂದು ಹೇಳು: 2016ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ 39 ಜನರಿಗೆ 45 ನಿಮಿಷ ಕಲೆಯ ಕೆಲಸ ಕೊಟ್ಟಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿಯಿತು, ಮೊದಲೇ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ. ಅವರೆಲ್ಲ ಆರೋಗ್ಯವಂತರು, ಹಾಗಾಗಿ ಇದನ್ನು ಔಷಧಿ ಅಂದುಕೊಳ್ಳಬೇಡ.

ನಲವತ್ತೈದು ನಿಮಿಷ ನಮಗೆ ಬೇಡ. ದಿನಕ್ಕೆ ಹದಿನೈದು ಸಾಕು, ಹಗಲು ಹೊತ್ತಿನಲ್ಲಿ. ಮಲಗುವ ಮುಂಚೆ ಬರೆದು ಏನಾದರೂ ನೆನಪು ಕದಡಿದರೆ ರಾತ್ರಿಯೆಲ್ಲ ಅದೇ ಆಗುತ್ತೆ.

ನೋವಿನದ್ದೇ ಚಿತ್ರ ತಾನಾಗಿ ಬಂದುಬಿಟ್ಟರೆ ಗಾಬರಿಯಾಗಬೇಡ, ತಡೆಯಲೂ ಬೇಡ. ಅವರೇ ನಿಲ್ಲಿಸಿದ ಮೇಲೆ ಇನ್ನೊಂದು ಹಾಳೆಯಲ್ಲಿ ಮುಚ್ಚಳವಿರುವ ಪೆಟ್ಟಿಗೆ ಬರೆಯಲು ಹೇಳು. ಎಷ್ಟು ದಪ್ಪ, ಬೀಗ ಎಲ್ಲಿ, ಎಲ್ಲಿಡುವುದು, ಎಲ್ಲ ಅವರೇ ತೀರ್ಮಾನಿಸಲಿ. ಮೊದಲಿನ ಹಾಳೆ ಮಡಚಿ ಲಕೋಟೆಯಲ್ಲಿಡಿ. ಹರಿಯಬೇಕೋ ಬೇಡವೋ ಅದೂ ಅವರಿಷ್ಟ. ಆದರೆ ಬರೆಯುತ್ತಿರುವಾಗ ದೃಷ್ಟಿ ಒಂದೇ ಕಡೆ ನೆಟ್ಟು, ಉಸಿರು ಮೇಲುಮೇಲಾಗಿ, ಕರೆದರೂ ಓಗೊಡದೆ, ಹಾಳೆ ತೂತಾಗುವಷ್ಟು ಒತ್ತಿ ಒಂದೇ ಕಡೆ ಗೀಚುತ್ತಿದ್ದರೆ ಅಲ್ಲಿಗೆ ನಿಲ್ಲಿಸು. ಏಕಾಏಕಿ ಮೈ ಮುಟ್ಟಬೇಡ. ಹೆಸರು ಹಿಡಿದು ಮಾತಾಡಿಸಿ, ಪಾದ ನೆಲಕ್ಕೆ ಒತ್ತಲು ಹೇಳಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೆಸರಿಸಲು ಹೇಳು. ಆ ದಿನ ಮತ್ತೆ ಪೆನ್ಸಿಲ್ ಬೇಡ. ಹೀಗೆ ಮತ್ತೆ ಮತ್ತೆ ಆದರೆ, ವಾರಗಟ್ಟಲೆ ನಿದ್ದೆ ಊಟ ಕೆಟ್ಟರೆ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗು. ಬದುಕು ಸಾಕು ಅನ್ನುವ ಮಾತು ಒಮ್ಮೆ ಬಂದರೂ ಅದೇ ದಿನ ಹೋಗು, ಒಬ್ಬರನ್ನೇ ಬಿಡಬೇಡ.

ಇನ್ನು ನಿನ್ನ ಬಾಯಿ. ‘ಇದೇನು?’ ಅಂತ ಕೇಳಬೇಡ. ‘ತುಂಬಾ ಚೆನ್ನಾಗಿದೆ’ ಕೂಡ ಬೇಡ, ನಾಳೆಯಿಂದ ನಿನ್ನನ್ನು ಮೆಚ್ಚಿಸಲು ಬರೆಯುತ್ತಾರೆ. ಕಪ್ಪು ಬಳಸಿದರೆ ಖಿನ್ನತೆ, ಕೆಂಪು ಬಳಸಿದರೆ ಕೋಪ ಅನ್ನುವುದೆಲ್ಲ ಸುಳ್ಳು ಶಾಸ್ತ್ರ. ಎಷ್ಟೋ ಸಲ ಕೈಗೆ ಸಿಕ್ಕ ಪೆನ್ಸಿಲ್ ಕಪ್ಪಿನದಾಗಿರುತ್ತೆ, ಅಷ್ಟೇ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆಯೋ, ಅಲ್ಲಿಗೆ ಮುಗಿಯಿತು.

ಮೊದಲ ದಿನ ಎದುರು ಕೂತು ನೋಡುತ್ತಿರಬೇಡ. ಪಕ್ಕದಲ್ಲಿ ಕೂತು ನಿನ್ನ ಹಾಳೆಯಲ್ಲಿ ನೀನೂ ಬರೆ. ನಿನ್ನ ಬೀಗದ ಕೈ ಬಾತುಕೋಳಿಯಂತೆ ಬಂದರೆ ಮುಚ್ಚಿಡಬೇಡ, ಚಿಕ್ಕಮ್ಮನಿಗೆ ಕಾಣುವ ಹಾಗೆ ಇಡು.

ಇತಿ ನಿನ್ನ ತಮ್ಮ