ಸೀಟು ಸುಡುವ ಕೆಲಸ

ಪ್ರಿಯ ರಘು,

ಮಗ ಫೈರ್ ಸೇಫ್ಟಿ ಕಡೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ, ‘ವಿಮಾನ ಕಟ್ಟೋದು ಓದಿ ಸೀಟು ಸುಡೋಕೆ ಹೊರಟಿದ್ದಾನೆ’ ಅಂತ ಗೊಣಗಿದ್ದೀಯ. ಸುಡಲಿ ಬಿಡೋ ಮಾರಾಯ.

ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ, ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎದ ಪರೀಕ್ಷಾ ಕೇಂದ್ರವಿದೆ. ಗಸ್ ಸಾರ್ಕೋಸ್ ಅನ್ನೋ ಎಂಜಿನಿಯರ್ ದಶಕಗಳ ಕಾಲ ಇದೇ ಕೆಲಸಕ್ಕೆ ಅಂಟಿಕೊಂಡು, ಅಲ್ಲಿನ ಅಗ್ನಿ ಸುರಕ್ಷತಾ ವಿಭಾಗ ನಡೆಸಿದವರು. ಹಳೇ ಸಿ-133 ಮಿಲಿಟರಿ ವಿಮಾನದ ಒಡಲಲ್ಲಿ ಸೀಟು ಜೋಡಿಸಿ, ಬಾಗಿಲಾಚೆ ದೊಡ್ಡ ಟ್ರೇನಲ್ಲಿ ಇಂಧನ ಸುರಿದು ಹಚ್ಚುತ್ತಿದ್ದರು. ಬೆಂಕಿ ಸೀಟಿನ ಫೋಮ್‌ಗೆ ತಗುಲಿದರೆ ಬಿಸಿ ಹೊಗೆ ಮೇಲೆ ಕಟ್ಟಿಕೊಂಡು, ಇಡೀ ಕ್ಯಾಬಿನ್ ಒಮ್ಮೆಲೇ ಭುಗ್ಗೆನ್ನುತ್ತದೆ. ಫ್ಲಾಶ್‌ಓವರ್. ಆಮೇಲೆ ಒಳಗಿದ್ದವರ ಆಸೆ ಬಿಟ್ಟಂತೆಯೇ.

1983ರ ಜೂನ್ 2ರಂದು ಏರ್ ಕೆನಡಾ 797 ವಿಮಾನದಲ್ಲಿ ಆದದ್ದೂ ಅದೇ. ಟಾಯ್ಲೆಟ್ಟಿನ ಕಡೆಯಿಂದ ಹೊಗೆ ಬಂತು, ಪೈಲಟ್‌ಗಳು ಹೇಗೋ ಸಿನ್ಸಿನಾಟಿಯಲ್ಲಿ ಇಳಿಸಿದರು. ಬಾಗಿಲು ತೆರೆದದ್ದೇ ಗಾಳಿ ನುಗ್ಗಿತು. ಒಂದೂವರೆ ನಿಮಿಷವೂ ಸಿಗಲಿಲ್ಲ. 46 ಜನರಲ್ಲಿ 23 ಮಂದಿ ಉಳಿಯಲಿಲ್ಲ.

ಮರುವರ್ಷ ನಿಯಮ ಬಂತು: ಫೋಮ್ ಸುತ್ತ ಬೆಂಕಿ ತಡೆಯುವ ಪದರ ಇರಲೇಬೇಕು, 1987ರೊಳಗೆ. ಜನ ಸತ್ತ ಮೇಲೇ ಫೈಲು ಓಡುವುದು ಅಲ್ಲೂ ಹೀಗೇ ನೋಡು. ಪರೀಕ್ಷೆ ನಾನು ನೋಡಿದ್ದೇನೆ. ಸೀಮೆಎಣ್ಣೆ ಬರ್ನರ್‌ನ ಜ್ವಾಲೆಯನ್ನು ಕುಶನ್ ಪಕ್ಕಕ್ಕೆ ಎರಡು ನಿಮಿಷ ಹಿಡಿಯುತ್ತಾರೆ. ಬಟ್ಟೆ ಸುಟ್ಟ ಹಪ್ಪಳದಂತೆ ಕರಕಲಾಗಿ ಮುರುಟುತ್ತದೆ. ಆರಿದ ಮೇಲೆ ತೂಕ. ಶೇ 10ಕ್ಕಿಂತ ಹೆಚ್ಚು ಕಳೆದುಕೊಂಡಿದ್ದರೆ ಫೇಲ್. ಎಲ್ಲರೂ ತಕ್ಕಡಿಯ ಅಂಕಿಯನ್ನೇ ನೋಡ್ತಾ ನಿಂತಿರ್ತಾರೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನದ ಥರ.

ಅಷ್ಟೆಲ್ಲ ಮಾಡಿ ಗಳಿಸಿದ್ದು, ತಪ್ಪಿಸಿಕೊಳ್ಳೋಕೆ ಸುಮಾರು 40 ಸೆಕೆಂಡು ಹೆಚ್ಚು. ನಗಬೇಡ. ಬಾಗಿಲುಗಳಲ್ಲಿ ಅರ್ಧದಷ್ಟು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕು ಅನ್ನೋ ಲೆಕ್ಕದಲ್ಲಿ ಅದೆಷ್ಟು ದೊಡ್ಡದು ಯೋಚಿಸು.

2024ರ ಜನವರಿ 2ರಂದು ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ಎರಡು ವಿಮಾನ ಡಿಕ್ಕಿಯಾದ ವಿಡಿಯೊ ನೋಡಿರ್ತೀಯ. ಕೋಸ್ಟ್ ಗಾರ್ಡ್ ವಿಮಾನದ ಐವರು ಹೋದರು, ಪಾಪ. ಆದರೆ ಉರಿಯುತ್ತಿದ್ದ ಪ್ರಯಾಣಿಕ ವಿಮಾನ ಎ350ಯಿಂದ 379 ಜನರೂ ಇಳಿದರು. ಸಿಬ್ಬಂದಿಯನ್ನು ಎಲ್ಲರೂ ಹೊಗಳಿದರು, ಸರಿಯೇ; ಸೀಟು ಸುಟ್ಟವರ ಹೆಸರು ಯಾರೂ ಎತ್ತಲಿಲ್ಲ.

ಮಗನಿಗೆ ಹೇಳು, ಈಗಿನ ದೊಡ್ಡ ತಲೆನೋವು ಲಿಥಿಯಂ ಬ್ಯಾಟರಿ. 2016ರಿಂದ ಪ್ರಯಾಣಿಕ ವಿಮಾನದಲ್ಲಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸುವಂತಿಲ್ಲ, ಆದರೆ ಪವರ್ ಬ್ಯಾಂಕ್ ಎಲ್ಲರ ಬ್ಯಾಗಲ್ಲೂ ಇದೆ. ಹೀಟ್ ಟ್ರಾನ್ಸ್‌ಫರ್ ಪುಸ್ತಕ ಮಾರಬಾರದು ಅನ್ನು. ಭಾನುವಾರ ಫೋನ್ ಮಾಡಿಸು, ಮಾತಾಡ್ತೀನಿ.

ನಿನ್ನ,
ಶ್ರೀಧರ