ಆ ರಿಪೋರ್ಟರ್ ಪೆದ್ದಿ ಅಲ್ಲ ಕಣೇ

ಪುಟ್ಟೀ,

ಫೋನಲ್ಲಿ ಹೇಳಕ್ಕೆ ಹೋದ್ರೆ "ಅಮ್ಮಾ ಕ್ಲಾಸಿದೆ" ಅಂತ ಇಟ್ಬಿಡ್ತೀಯ, ವಾಟ್ಸಾಪಲ್ಲಿ ಉದ್ದಕ್ಕೆ ಟೈಪ್ ಮಾಡಿದ್ರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ, ಅದಕ್ಕೇ ಪತ್ರ. ನೀನು ಕಳ್ಸಿದ್ಯಲ್ಲ ದಿ ರಿಯಲ್ ಘೋಸ್ಟ್‌ಬಸ್ಟರ್ಸ್ ಅನ್ನೋ ಹಳೇ ಅಮೆರಿಕನ್ ಕಾರ್ಟೂನು, ಅದನ್ನ ನಾನೂ ನಿಮ್ಮಪ್ಪನೂ ಊಟ ಮಾಡ್ತಾ ನೋಡಿದ್ವಿ. ಕೆಳಗೆ ನೀನು ಬರ್ದಿದ್ದೆ, ಇಂಥ ಕಾರ್ಟೂನಲ್ಲಿ ಟೀವಿ ರಿಪೋರ್ಟರ್ ಬಂದು ಅನುಮಾನ ಪಟ್ರೆ ಸಾಕು ಅವಳನ್ನ ಪೆದ್ದಿ ಮಾಡಿ ಕೂರಿಸ್ತಾರೆ, ನಾನು ಓದ್ತಿರೋದು ಅದೇ ಕೆಲಸಕ್ಕಲ್ವಾ ಅಂತ. ನಗೋ ಮುಖ ಹಾಕಿದ್ದೆ ಸರಿ, ಆದ್ರೆ ಜರ್ನಲಿಸಂ ಸೇರಿದ ಮೊದಲ್ನೇ ವರ್ಷಕ್ಕೇ ಇಂಥ ಮಾತು ಬಂದ್ರೆ ತಾಯಿ ಆದೋಳು ಸುಮ್ನೆ ಇರಕ್ಕಾಗಲ್ಲ.

ಮೊದಲು ಎಪಿಸೋಡಿಗೇ ಬರ್ತೀನಿ. ಸಿಟಿಜನ್ ಘೋಸ್ಟ್ ಅಂತ ಅದರ ಹೆಸರು, ಸಿಂಥಿಯಾ ಕ್ರಾಫರ್ಡ್ ಅನ್ನೋ ವರದಿಗಾರ್ತಿ ಭೂತ ಹಿಡಿಯೋದೇ ಕೆಲಸ ಮಾಡ್ಕೊಂಡಿರೋ ಈ ಘೋಸ್ಟ್‌ಬಸ್ಟರ್ಸ್ ಬಗ್ಗೆ ಸ್ಟೋರಿ ಮಾಡಕ್ಕೆ ಬರ್ತಾಳೆ. ಇವರ ಆಫೀಸು ನ್ಯೂಯಾರ್ಕಿನ ಒಂದು ಹಳೇ ಫೈರ್ ಸ್ಟೇಷನ್ನು, ಒಳಗೆ ನಾಲ್ಕು ಜನ ಗಂಡಸರು, ಫೋನ್ ಎತ್ತಕ್ಕೆ ಜನೀನು, ಮೇಲೆ ಸ್ಲೈಮರ್ ಅನ್ನೋ ಹಸಿರು ಭೂತ ಸಿಕ್ಕಿದ್ದೆಲ್ಲ ತಿಂದ್ಕೊಂಡು ಹಾರಾಡ್ತಿರುತ್ತೆ. ಭೂತ ಹಿಡಿಯೋರ ಮನೇಲೇ ಒಂದು ಭೂತ ಸಾಕಿದ್ದಾರೆ ಅಂದ್ರೆ ಯಾರಿಗಾದ್ರೂ ಪ್ರಶ್ನೆ ಬರುತ್ತಲ್ವಾ. ಅದಕ್ಕೆ ಅವರಲ್ಲಿ ಒಬ್ಬ, ಪೀಟರ್ ವೆಂಕ್‌ಮನ್, ಕೂತ್ಕೊಂಡು ಹಳೇ ಕಥೆ ಬಿಚ್ತಾನೆ. 1984ರ ಘೋಸ್ಟ್‌ಬಸ್ಟರ್ಸ್ ಸಿನಿಮಾದ ಕೊನೇಲಿ ದೊಡ್ಡ ಗಲಾಟೆ ಆಯ್ತಲ್ಲ, ಅದು ಮುಗಿದ್ಮೇಲೆ ವಾಪಸ್ ಬಂದು ನೋಡಿದ್ರೆ ಸ್ಟೇಷನ್ ಪೂರ್ತಿ ಹಾಳಾಗಿತ್ತು, ಎಲ್ಲ ಹೊಸದಾಗಿ ಕಟ್ಟಿದ್ರು, ಭೂತಗಳನ್ನ ಕೂಡಿಹಾಕೋ ಮೆಷಿನ್ನೂ ಹೊಸದು. ಗಲಾಟೇಲಿ ಹಾಕಿದ್ದ ಯೂನಿಫಾರ್ಮಿಗೆ ಏನೋ ಶಕ್ತಿ ಅಂಟ್ಕೊಂಡಿದೆ ಅದನ್ನ ನಾಶ ಮಾಡ್ಬಿಡು ಅಂತ ಅವರಲ್ಲೇ ಇನ್ನೊಬ್ಬ, ಈಗಾನ್, ಹೇಳಿರ್ತಾನೆ, ಪೀಟರು ಆಮೇಲೆ ಮಾಡಣ ಅಂತ ಬಿಟ್ಟಿರ್ತಾನೆ, ಕೊನೆಗೆ ಆ ಬಟ್ಟೆಗಳೇ ಎದ್ದು ಇವರದೇ ರೂಪದ ನಾಲ್ಕು ಭೂತ ಆಗಿ ಇವರ ಮೇಲೇ ಬೀಳ್ತವೆ. ಆಗ ಸಹಾಯಕ್ಕೆ ಬರೋದು ಸ್ಲೈಮರ್ರು, ಅದಕ್ಕೇ ಅದನ್ನ ಮನೇಲೇ ಇಟ್ಕೊಂಡ್ರು ಅನ್ನೋದು ಕಥೆ. ಇದನ್ನ ನೋಡಿ ನಾನು ಬಾತ್‌ರೂಮ್ ಬಾಗಿಲ ಹಿಂದೆ ನೇತಾಕಿರೋ ನಿಮ್ಮಪ್ಪನ ಶರ್ಟುಗಳ ಕಡೆ ಒಂದ್ಸಲ ನೋಡ್ದೆ, ಅವರು ಮಾತಾಡ್ದೆ ಅನ್ನ ಕಲಸ್ಕೊಂಡ್ರು.

ಈಗ ನೀನು ಆ ವರದಿಗಾರ್ತಿ ಜಾಗದಲ್ಲಿ ಕೂತು ಯೋಚ್ನೆ ಮಾಡು. ಅವಳಿಗೆ ಸಿಕ್ಕಿರೋದು ಏನು? ಒಬ್ಬ ಮನುಷ್ಯ ಹೇಳಿದ ಕಥೆ. ಅದೂ ಯಾರು, ಪೀಟರ್ರು, ಆ ನಾಲ್ವರಲ್ಲಿ ಮಾತಿನ ಮಲ್ಲ, ಕಂಪನಿ ಹೆಸರು ನಾಲ್ಕು ಕಡೆ ಬಂದ್ರೆ ಒಳ್ಳೇದು ಅನ್ನೋ ಆಸಾಮಿ. ನಾವು ನೋಡೋರಿಗೆ ಫ್ಲ್ಯಾಶ್‌ಬ್ಯಾಕಲ್ಲಿ ಎಲ್ಲ ಕಣ್ಣಿಗೆ ಕಾಣುತ್ತೆ, ಭೂತ ಬಂತು, ಬೆಂಕಿ ಉಗುಳ್ತು, ಮುಗೀತು. ಅವಳಿಗೆ ಏನೂ ಕಂಡಿಲ್ಲ ಕಣೇ, ಅವಳ ಮುಂದೆ ಇರೋದು ಬರೀ ಪೀಟರ್ ಬಾಯಿ. ಕಾರ್ಟೂನು ಆಡೋ ಆಟ ಇದೇ, ನಮಗೆ ಮೊದಲೇ ಉತ್ತರ ತೋರಿಸ್ಬಿಟ್ಟು ಆಮೇಲೆ ಉತ್ತರ ಗೊತ್ತಿಲ್ದಿರೋರನ್ನ ನೋಡಿ ನಗಿಸೋದು. ನಾನಾಗಿದ್ರೆ ಅವತ್ತು ಪೀಟರ್ ಮಾತು ಮುಗಿಸಿದ ತಕ್ಷಣ ಈಗಾನನ್ನ ಬೇರೆ ಕೂರಿಸಿ ಅದೇ ಕಥೆ ಕೇಳ್ತಿದ್ದೆ, ಎರಡೂ ತಾಳೆ ಆಗುತ್ತಾ ನೋಡ್ತಿದ್ದೆ, ಆಮೇಲೆ ಜನೀನ್ ಹತ್ರ ಹೋಗಿ ಯಾವತ್ತು ಯಾರ ಮನೆಗೆ ಹೋಗಿದ್ರು, ಎಷ್ಟು ಬಿಲ್ ಹಾಕಿದ್ರು, ಕೊಟ್ರಾ ಕೊಡ್ಲಿಲ್ವಾ ಅಂತ ಪುಸ್ತಕ ತೆಗೆಸ್ತಿದ್ದೆ. ಲೆಕ್ಕ ಬರೆಯೋರಿಗೆ ಗೊತ್ತಿರೋಷ್ಟು ಸತ್ಯ ಓನರ್‌ಗೂ ಗೊತ್ತಿರಲ್ಲ, ಇಷ್ಟು ವರ್ಷ ಅಕೌಂಟ್ಸ್ ಸೆಕ್ಷನ್ನಲ್ಲಿ ಕೂತಿರೋಳು ಹೇಳ್ತಿದೀನಿ ನಂಬು.

ಸಿನಿಮಾದಲ್ಲೂ ಇದೇ ಆಟ. ವಾಲ್ಟರ್ ಪೆಕ್ ಅಂತ ಪರಿಸರ ಇಲಾಖೆ ಆಫೀಸರ್ ಬರ್ತಾನಲ್ಲ, ಬೇಸ್‌ಮೆಂಟಲ್ಲಿ ಏನಿಟ್ಟಿದೀರ ತೋರ್ಸಿ ಅಂತಾನೆ, ಪೀಟರು ಅವನಿಂದ ಪ್ಲೀಸ್ ಅನ್ನಿಸಿಕೊಳ್ತಾನೆ, ಅಂದ್ಮೇಲೂ ತೋರಿಸಲ್ಲ. ಎಲ್ರೂ ಅವನನ್ನ ವಿಲನ್ ಅಂತಾರೆ. ಮುಖದಲ್ಲಿ ಸಿಡುಕು ಇದೆ ನಿಜ, ಎರಡನೇ ಸಲ ಆರ್ಡರ್ ತಗೊಂಡು ಬಂದು ಏನಾಗುತ್ತೆ ಅಂತ ಹೇಳಿದ್ರೂ ಕೇಳ್ದೆ ಭೂತ ಕೂಡಿಹಾಕಿದ್ದ ಮೆಷಿನ್ನಿನ ಕರೆಂಟ್ ತೆಗೆಸಿದ್ದು ದೊಡ್ಡ ತಪ್ಪೇ. ಆದ್ರೆ ಮೊದಲ್ನೇ ದಿನ ಅವನು ಕೇಳಿದ್ದು ಸರಿಯಾದ ಪ್ರಶ್ನೆ ಅಲ್ವಾ? ಊರ ಮಧ್ಯ ಯಾರೋ ಪರ್ಮಿಷನ್ ಇಲ್ದೆ ನೆಲಮಾಳಿಗೇಲಿ ಒಂದು ದೊಡ್ಡ ಮೆಷಿನ್ ಇಟ್ಟು ಓಡಿಸ್ತಿದಾರೆ ಅಂದ್ರೆ ಪಕ್ಕದ ಮನೆಯವರಾಗಿ ನೀನೇ ಕಂಪ್ಲೇಂಟ್ ಕೊಡ್ತೀಯ. ನಿಮ್ಮಪ್ಪ ಇದಕ್ಕೆ ಒಪ್ಪಲಿಲ್ಲ, ಎರಡು ದಿನ ನಂಗೆ ಪೆಕ್ ಮೇಡಂ ಅಂತ ಹೆಸರಿಟ್ಟಿದ್ರು.

ಹಾಗಂತ ಆ ನಾಲ್ವರನ್ನ ನಾನು ಬೈತಿಲ್ಲ. ಅವರ ಕೈಯಲ್ಲಿ ಭೂತ ಪತ್ತೆ ಮಾಡೋ ಮೀಟರ್ ಇರುತ್ತೆ, ಅದು ಅಲ್ಲಾಡಿದ್ರೆ ಮಾತ್ರ ಮುಂದಕ್ಕೆ ಹೋಗ್ತಾರೆ, ಈಗಾನ್ ಅಂತೂ ಎಲ್ಲಾನೂ ಅಳೀತಾನೆ ಬರ್ಕೊಳ್ತಾನೆ. ಹಿಡಿದ ಭೂತ ಟ್ರ್ಯಾಪಲ್ಲಿರುತ್ತೆ, ತಗೊಂಡು ಹೋಗಿ ತೋರಿಸ್ಬಹುದು. ಅವರ ಲೋಕದಲ್ಲಿ ಭೂತ ಇದೆ, ಸಾಕ್ಷಿನೂ ಇದೆ. ನಮ್ಮ ಲೋಕದಲ್ಲಿ ಟೀವಿ ಮುಂದೆ ಬಂದು ಶಕ್ತಿ ಇದೆ ಅಂದೋರ ಕಥೆ ಬೇರೆ ಥರ ಆಯ್ತು.

ಅಮೆರಿಕದಲ್ಲಿ ಜಾನಿ ಕಾರ್ಸನ್ ಅಂತ ಇದ್ದ, ರಾತ್ರಿ ಹೊತ್ತು ಟುನೈಟ್ ಶೋ ನಡೆಸ್ತಿದ್ದೋನು, ಮೊದಲು ಮ್ಯಾಜಿಕ್ ಮಾಡ್ಕೊಂಡಿದ್ದೋನೇ. 1973ರಲ್ಲಿ ಅವನ ಶೋಗೆ ಯೂರಿ ಗೆಲ್ಲರ್ ಬಂದ. ಮನಸ್ಸಿನ ಬಲದಿಂದ ಚಮಚ ಬಗ್ಗಿಸ್ತೀನಿ ಅಂತ ಜಗತ್ತೆಲ್ಲ ಹೆಸರು ಮಾಡಿದ್ದ. ಕಾರ್ಸನ್ ಕಡೆಯವರು ಮುಂಚೇನೇ ಜೇಮ್ಸ್ ರಾಂಡಿ ಅನ್ನೋ ಜಾದೂಗಾರನ್ನ ಕೇಳಿದ್ರು, ಏನ್ ಮಾಡ್ಬೇಕು ಅಂತ. ರಾಂಡಿ ಹೇಳಿದ್ದು ಇಷ್ಟೇ, ಸಾಮಾನೆಲ್ಲ ನಿಮ್ದೇ ಇರ್ಲಿ, ಶೋಗೆ ಮುಂಚೆ ಅವನಾಗ್ಲಿ ಅವನ ಕಡೆಯವರಾಗ್ಲಿ ಅದನ್ನ ಮುಟ್ಟದ ಹಾಗೆ ನೋಡ್ಕೊಳಿ. ಅಷ್ಟೇ! ಟೇಬಲ್ ಮೇಲೆ ಚಮಚ, ಮುಚ್ಚಿದ ಡಬ್ಬಿಗಳು, ಗೆಲ್ಲರ್ ಕೈ ಆಡಿಸ್ತಾನೆ, ತಲೆ ಕೆರೀತಾನೆ, ಇವತ್ಯಾಕೋ ಶಕ್ತಿ ಬರ್ತಿಲ್ಲ ಅಂತಾನೆ, ಇಪ್ಪತ್ತು ನಿಮಿಷದ ಮೇಲೆ ಆಗುತ್ತೆ, ಏನೂ ಆಗಲ್ಲ. ಕಾರ್ಸನ್ ಅವನನ್ನ ಒಂದು ಮಾತೂ ಹೀಯಾಳ್ಸಲ್ಲ, ಕಾಯ್ತಾನೆ ಅಷ್ಟೇ, ಪರವಾಗಿಲ್ಲ ನಿಧಾನಕ್ಕೆ ಮಾಡಿ ಅನ್ನೋ ಹಾಗೆ. ಅದನ್ನ ನೋಡೋವಾಗ ನಂಗೇ ಗೆಲ್ಲರ್ ಮೇಲೆ ಅಯ್ಯೋ ಅನ್ನಿಸ್ತು.

ಆದ್ರೆ ಮಜಾ ಏನು ಗೊತ್ತಾ, ಅವತ್ತಿಂದ ಗೆಲ್ಲರ್ ಕಥೆ ಮುಗೀಲಿಲ್ಲ. ಇನ್ನೊಂದು ಟೀವಿ ಶೋದವರು ಕರೆದ್ರು, ಹೆಸರು ಇನ್ನೂ ಜಾಸ್ತಿ ಆಯ್ತು. ಅವನು ಮ್ಯಾಜಿಕ್ ಮಾಡ್ತಿದ್ರೆ ದಿನಾ ಸರಿಯಾಗ್ಬೇಕಿತ್ತು, ಇವತ್ತು ಆಗ್ಲಿಲ್ಲ ಅಂದ್ರೆ ಶಕ್ತಿ ನಿಜಾನೇ ಇರ್ಬೇಕು ಅಂತ ಜನ ಅಂದ್ಕೊಂಡ್ರು. ಇದಕ್ಕೆ ಏನ್ ಹೇಳ್ತೀಯ! ರಿಪೋರ್ಟರ್ ಆದ್ಮೇಲೆ ನೀನು ಬರೆದ ಒಂದು ಸುದ್ದಿಗೆ ಊರು ಬದಲಾಗ್ಬಿಡುತ್ತೆ ಅಂತ ಕಾಯ್ತಾ ಕೂರ್ಬೇಡ ಅಂತ ಇದನ್ನ ಹೇಳ್ತಿದೀನಿ.

ಅದೇ ರಾಂಡಿ 1986ರಲ್ಲಿ ಮತ್ತೆ ಕಾರ್ಸನ್ ಶೋಗೆ ಬಂದ, ಈ ಕಾರ್ಟೂನು ಶುರುವಾಯ್ತಲ್ಲ ಅದೇ ವರ್ಷ. ಪೀಟರ್ ಪೊಪಾಫ್ ಅಂತ ಒಬ್ಬ ಬೋಧಕ, ದೊಡ್ಡ ಹಾಲಲ್ಲಿ ಜನರ ಹೆಸರು, ಕಾಯಿಲೆ, ಅಡ್ರೆಸ್ಸು ಎಲ್ಲ ದೇವರು ಹೇಳಿದ ಹಾಗೆ ಹೇಳಿ ಗುಣ ಮಾಡ್ತೀನಿ ಅಂತಿದ್ದ. ರಾಂಡಿ ಕಡೆಯವರು ರೇಡಿಯೋ ಸ್ಕ್ಯಾನರ್ ತಗೊಂಡು ಹೋದ್ರು, ಸಿಕ್ಕಿದ್ದು ಪೊಪಾಫ್ ಹೆಂಡತಿ ಧ್ವನಿ, ಜನ ಬರೆದುಕೊಟ್ಟ ಚೀಟಿ ನೋಡಿ ಅವಳು ಹಿಂದಿನಿಂದ ಓದಿ ಹೇಳ್ತಿದ್ಲು, ಇವನ ಕಿವೀಲಿ ಪುಟ್ಟ ರಿಸೀವರ್ರು. ಅದರ ರೆಕಾರ್ಡಿಂಗ್ ಟೀವೀಲಿ ಹಾಕಿದ್ರು, ಮಾರನೇ ವರ್ಷ ಅವನು ದಿವಾಳಿ ಅಂತ ಅರ್ಜಿ ಹಾಕ್ದ, ಸ್ವಲ್ಪ ವರ್ಷ ಬಿಟ್ಟು ಮತ್ತೆ ಟೀವೀಲಿ ಬಂದು ಕೂತ. ಚೀಟಿ ಬರೆದುಕೊಟ್ಟೋರಲ್ಲಿ ಎಷ್ಟು ಜನ ನಿಜವಾಗ್ಲೂ ನೋವಲ್ಲಿದ್ದೋರು ಅಂತ ಯೋಚ್ನೆ ಮಾಡಿದ್ರೆ ನಗು ಬರಲ್ಲ.

ಟೀವಿಯವರೆಲ್ಲ ಕಾರ್ಸನ್ ಥರ ಅಂತ ಅಂದ್ಕೋಬೇಡ ಮತ್ತೆ. ಅದೇ 1986ರ ಏಪ್ರಿಲ್ಲಲ್ಲಿ ಜೆರಾಲ್ಡೋ ರಿವೆರಾ ಅಂತ ಒಬ್ಬ ಫೇಮಸ್ ರಿಪೋರ್ಟರ್, ಶಿಕಾಗೋದ ಲೆಕ್ಸಿಂಗ್ಟನ್ ಹೋಟೆಲ್ ಕೆಳಗೆ ಡಾನ್ ಅಲ್ ಕಪೋನ್ ಮುಚ್ಚಿಟ್ಟಿರೋ ಗುಪ್ತ ಕೋಣೆ ಇದೆ, ಲೈವಲ್ಲಿ ಒಡೀತೀನಿ ಅಂದ. ಎರಡು ಗಂಟೆ ಶೋ, ಹೆಣ ಸಿಕ್ರೆ ಇರ್ಲಿ ಅಂತ ಡಾಕ್ಟರು, ದುಡ್ಡು ಸಿಕ್ರೆ ಅಂತ ತೆರಿಗೆ ಇಲಾಖೆಯವರು, ಸುಮಾರು ಮೂರು ಕೋಟಿ ಜನ ಬಾಯಿ ಬಿಟ್ಕೊಂಡು ನೋಡಿದ್ರು. ಗೋಡೆ ಒಡೆದ್ರೆ ಒಳಗೆ ಮಣ್ಣು, ಒಂದಷ್ಟು ಖಾಲಿ ಬಾಟ್ಲಿ. ಇದೇ ಕಾರ್ಟೂನ್ ಸೀರೀಸಲ್ಲಿ ಆಮೇಲೆ ಒಂದು ಎಪಿಸೋಡಿಗೆ ಲೈವ್ ಫ್ರಮ್ ಅಲ್ ಕಪೋನ್ಸ್ ಟೂಂಬ್ ಅಂತಾನೇ ಹೆಸರಿಟ್ರು, ಯಾರನ್ನ ನೆನೆಸ್ಕೊಂಡು ಅಂತ ಹೇಳೋದೇ ಬೇಡ. ನಿಂಗೆ ಸಿಟ್ಟು ಬರಬೇಕಾಗಿರೋದು ಇಂಥ ರಿಪೋರ್ಟರ್ ಮೇಲೆ, ಅನುಮಾನ ಪಡೋರ ಮೇಲಲ್ಲ. ಕಾರ್ಟೂನಿನವರು ಮೈಕ್ ಹಿಡಿದೋರನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬ್ತಾರೆ, ನೀನೂ ಹಾಗೇ ತುಂಬ್ಬೇಡ. ನಮ್ಮಲ್ಲೂ ರಾತ್ರಿ ಹತ್ತರ ಮೇಲೆ ಸ್ಮಶಾನದಲ್ಲಿ ಟಾರ್ಚ್ ಹಿಡ್ಕೊಂಡು "ವೀಕ್ಷಕರೇ" ಅಂತ ಕಿರುಚೋ ಕಾರ್ಯಕ್ರಮ ಬರ್ತಾವಲ್ಲ, ನಿಮ್ಮಪ್ಪ ರಿಮೋಟ್ ಬಿಡಲ್ಲ, ಬೆಳಿಗ್ಗೆ ಕಸ ತೆಗೆಯೋಕೆ ಹಿತ್ತಲಿಗೆ ಹೋಗು ಅಂದ್ರೆ ಮಾತ್ರ ಇನ್ನೂ ಕತ್ತಲೆ ಅಂತಾರೆ.

ಬೆಂಗಳೂರಲ್ಲಿ ಎಚ್. ನರಸಿಂಹಯ್ಯನವರು ಯೂನಿವರ್ಸಿಟಿ ವೈಸ್ ಚಾನ್ಸಲರ್ ಆಗಿದ್ದಾಗ 1976ರಲ್ಲಿ ಪವಾಡ, ಮೂಢನಂಬಿಕೆ ಪರೀಕ್ಷೆ ಮಾಡಕ್ಕೆ ಒಂದು ಸಮಿತಿ ಮಾಡಿದ್ರು, ಸತ್ಯ ಸಾಯಿಬಾಬಾಗೆ ನಮ್ಮೆದುರಿಗೆ ಪವಾಡ ಮಾಡಿ ತೋರ್ಸಿ ಅಂತ ಪತ್ರ ಬರೆದ್ರು, ಉತ್ತರ ಬರ್ಲಿಲ್ಲ. ಬೈಯೋ ಪತ್ರ ಅಲ್ಲ ಅದು, ಮರ್ಯಾದೆಯಾಗಿ ಕರೆದಿದ್ದು. ನಿಮ್ಮ ತಾತ ಆ ಸುದ್ದಿ ಬಂದ ಪೇಪರನ್ನ ಎತ್ತಿಟ್ಟಿದ್ರು, ಅವರು ದಿನಾ ದೇವರಪೂಜೆ ಬಿಡದ ಮನುಷ್ಯ ಅನ್ನೋದು ನಿಂಗೂ ಗೊತ್ತು.

ಇನ್ನು ನಿನ್ನ ಫೇವರಿಟ್ ಜನೀನ್ ವಿಷಯ. ಮೊದಲ ಸೀಸನ್ನಲ್ಲಿ ಅವಳು ಚೂಪು ಕನ್ನಡಕ, ಚೂಪು ನಾಲಿಗೆ, ಎದುರಿಗೆ ಯಾರಿದ್ರೂ ಹೇಳೋದನ್ನ ಹೇಳೋಳು. ಆಮೇಲೆ ಬಂದ ಎಪಿಸೋಡಲ್ಲಿ ನೋಡು, ಧ್ವನಿನೂ ಬೇರೆ, ಕೂದಲೂ ಬೇರೆ, ಕನ್ನಡಕ ದುಂಡಗೆ, ಎಲ್ರಿಗೂ ತಾಯಿ ಥರ. ಪ್ರಸಾರ ಮಾಡ್ತಿದ್ದ ಎಬಿಸಿ ಚಾನೆಲ್‌ನವರು ಸಲಹೆ ಕೊಡೋ ಕನ್ಸಲ್ಟೆಂಟುಗಳನ್ನ ಇಟ್ಕೊಂಡಿದ್ರು, ಅವಳ ಖಾರ ಕಮ್ಮಿ ಮಾಡಿ ಅಂತ ಅವರು ಹೇಳಿದ್ರು, ಚೂಪಾಗಿರೋದು ಕಂಡ್ರೆ ಮಕ್ಕಳು ಹೆದರ್ತಾರೆ ಅಂತ ಕನ್ನಡಕದ ಮೂಲೆನೂ ಸವೆಸಿದ್ರು. ಕಥೆ ನೋಡ್ಕೊತಿದ್ದ ಸ್ಟ್ರಾಝಿನ್ಸ್ಕಿ, ಸಿಟಿಜನ್ ಘೋಸ್ಟ್ ಬರೆದೋನೂ ಅವನೇ, ಈ ಗೋಳಿಗೆ ಬೇಸತ್ತು ಬಿಟ್ಟುಹೋದ. ಮಕ್ಕಳು ಭೂತ ನೋಡಬಹುದಂತೆ, ಎದುರು ಮಾತಾಡೋ ರಿಸೆಪ್ಷನಿಸ್ಟನ್ನ ನೋಡಬಾರದಂತೆ! ಇಂಟರ್ನ್‌ಶಿಪ್ಪಲ್ಲಿ ಯಾರಾದ್ರೂ ನಿಂಗೂ ಸ್ವಲ್ಪ ಸಾಫ್ಟ್ ಆಗಿರಮ್ಮಾ ಅಂದ್ರೆ ಆ ದುಂಡು ಕನ್ನಡಕ ನೆನಪಿಸ್ಕೊಂಡು ನಕ್ಕೊಂಡು ಮುಂದಿನ ಪ್ರಶ್ನೆ ಕೇಳು.

ಆ ಕಾರ್ಸನ್ ಗೆಲ್ಲರ್ ಕ್ಲಿಪ್ಪು ಯೂಟ್ಯೂಬಲ್ಲಿ ಸಿಗುತ್ತೆ, ಪೂರ್ತಿ ನೋಡು, ಓಡಿಸ್ಕೊಂಡು ನೋಡ್ಬೇಡ. ಗೆಲ್ಲರ್ ಕೈ ಕಡೆ ಎಲ್ರೂ ನೋಡ್ತಾರೆ, ನೀನು ಕಾರ್ಸನ್ ಮುಖ ನೋಡು, ಎಲ್ಲಿ ಪ್ರಶ್ನೆ ಕೇಳ್ತಾನೆ ಎಲ್ಲಿ ಬಾಯಿ ಮುಚ್ಕೊಂಡು ಕೂರ್ತಾನೆ ಅಂತ. ನೋಡಾದ್ಮೇಲೆ ಫೋನ್ ಮಾಡು, ನಿಮ್ಮಪ್ಪ ಇನ್ನೂ ಗೆಲ್ಲರ್ ಪಾರ್ಟಿ, ಅವತ್ತು ಅವನಿಗೆ ಜ್ವರ ಇತ್ತೇನೋ ಅಂತಿದಾರೆ, ಒಬ್ಳೇ ವಾದ ಮಾಡಿ ಸುಸ್ತಾಯ್ತು.

ಇಂತಿ,
ನಿನ್ನ ಅಮ್ಮ (ಪೆಕ್ ಮೇಡಂ)