ಕ್ಲಾಸ್ ಆರಿಸುವ ಮುನ್ನ ಓದಿ

ಗೆಳೆಯರೇ, ಆನ್‌ಲೈನ್ ಆಟದ ನಮ್ಮ ಹೊಸ ತಂಡಕ್ಕೆ ಯಾವ ಕ್ಲಾಸ್ (ಆಟದಲ್ಲಿ ನಮ್ಮ ಪಾತ್ರ ಮಾಡುವ ಕೆಲಸದ ಬಗೆ) ತೆಗೆದುಕೊಳ್ಳಲಿ ಎಂದು ನಾಲ್ಕೈದು ಮಂದಿ ಕೇಳಿದ್ದೀರಿ. ಅದು ನಾವು ಆಡುವ ಆಟದ ಮೇಲೆ ನಿಂತಿದೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಮೊದಲ ದಿನ ಆರಿಸಿದ ಕ್ಲಾಸ್ ಕೊನೆಯವರೆಗೂ ಅದೇ. ಮೇಜ್, ಅಂದರೆ ಮಾಂತ್ರಿಕ, ಎಷ್ಟು ಬೆಳೆದರೂ ಗಾಯ ವಾಸಿಮಾಡುವ ಪ್ರೀಸ್ಟ್ ಆಗಲಾರ. ತಿಂಗಳುಗಟ್ಟಲೆ ಮೇಜ್ ಬೆಳೆಸಿದ ಮೇಲೆ ತಂಡಕ್ಕೆ ಬೇಕಿರುವುದು ಹೀಲರ್ (ಗಾಯ ವಾಸಿಮಾಡುವವ) ಎಂದು ತಿಳಿದು ಪೆಚ್ಚಾದವನು ನಾನೇ. ಡ್ರುಯಿಡ್ ಎಂಬ ಕ್ಲಾಸ್ ತೆಗೆದುಕೊಂಡಿದ್ದರೆ ಪರಿಣತಿ ಬದಲಿಸಿ ಶತ್ರುವಿನ ಹೊಡೆತ ತಡೆಯಬಹುದಿತ್ತು, ಗಾಯವನ್ನೂ ವಾಸಿಮಾಡಬಹುದಿತ್ತು.

ಫೈನಲ್ ಫ್ಯಾಂಟಸಿ 14ರಲ್ಲಿ ಈ ಗೋಳಿಲ್ಲ. ಪಾತ್ರ ಒಂದೇ, ಆಯುಧ ಬದಲಿಸಿದರೆ ಜಾಬ್ (ಅಲ್ಲಿ ಪಾತ್ರದ ಕೆಲಸಕ್ಕಿರುವ ಹೆಸರು) ಬದಲು. ಕತ್ತಿ ಗುರಾಣಿ ಕೆಳಗಿಟ್ಟು ದಂಡ ಹಿಡಿದರೆ ನೀವೇ ಹೀಲರ್. ಆದರೆ ಬಹುತೇಕ ಪ್ರತಿ ಜಾಬ್‌ನ ಲೆವೆಲ್ ಪ್ರತ್ಯೇಕವಾಗಿ ಏರಿಸಬೇಕು. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಂತೂ ಕ್ಲಾಸೇ ಇರಲಿಲ್ಲ. ಒಟ್ಟು 700 ಅಂಕಗಳ ಮಿತಿಯಲ್ಲಿ ಕೌಶಲಗಳನ್ನು ಹೊಂದಿಸಿಕೊಳ್ಳಬೇಕಿತ್ತು.

ನನ್ನ ಒಲವು ಸಡಿಲ ಪದ್ಧತಿಯ ಕಡೆಗೇ. ಒಬ್ಬರು ಬಾರದಿದ್ದರೆ ಇಡೀ ತಂಡ ಕೈಕಟ್ಟಿ ಕೂರಬೇಕಿಲ್ಲ. ಹಾಗಂತ ಎಲ್ಲರೂ ಕತ್ತಿಗೇ ಕೈಹಾಕಿದರೆ ಗಾಯಕ್ಕೆ ಮದ್ದು ಹಚ್ಚುವವರು ಯಾರು? ಶುಕ್ರವಾರದೊಳಗೆ ನಿಮ್ಮ ಮೊದಲ ಆಯ್ಕೆಯ ಜೊತೆಗೆ ಎರಡನೆಯದನ್ನೂ ಇಲ್ಲಿ ಬರೆಯಿರಿ.